ವಾಲಿಯ ವಾದ ಯಾರದು?

ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವೆಂದರೆ ಕರಾವಳಿಗೆ ತಾಳಮದ್ದಳೆಯ ಕಾಲ. ಇಲ್ಲಿನ ಜನರಿಗೆ ಈ ಕೂಟ ಹೊಸದಲ್ಲ. ಕೃತಿಯ ಅರ್ಥ ಬರೆದವನದೋ ಓದಿದವನದೋ ಎಂಬ ಪ್ರಶ್ನೆ ಇಲ್ಲಿ ಸಭೆಯ ಎದುರೇ ತೀರ್ಮಾನಕ್ಕೆ ಬರುತ್ತದೆ.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪುಟ್ಟ ಪದ್ಯ ಹಾಡುತ್ತಾರೆ. ಪಾತ್ರದ ಮಾತಾಡುವ ಅರ್ಥಧಾರಿ ಅದನ್ನೇ ಹಿಡಿದು ಅರ್ಧ ಗಂಟೆ ಮಾತಾಡುತ್ತಾರೆ. 'ವಾಲಿ ಸುಗ್ರೀವರ ಕಾಳಗ' ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ? ಅಣ್ಣತಮ್ಮಂದಿರ ಜಗಳದಲ್ಲಿ ನಿನಗೇನು ಕೆಲಸ? ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದ ಪಾತ್ರಗಳಲ್ಲಿ ಈ ವಾಲಿಯೂ ಒಂದು. ಅದೇ ಪದ್ಯ ಇನ್ನೊಬ್ಬರ ಬಾಯಲ್ಲಿ ಇನ್ನೊಬ್ಬ ವಾಲಿಯನ್ನೇ ಹುಟ್ಟಿಸುತ್ತದೆ.

ಹಾಗಾದರೆ ಕವಿ? ಇದೂ ಸೇರಿದ ರಾಮಾಯಣ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವೆಂದು ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ಸಾಧಿಸಿದರು. ಅಲ್ಲವೆಂದು ಶಿವರಾಮ ಕಾರಂತರು ವಾದಿಸಿದರು. ಆ ಜಗಳದಿಂದ ವಾಲಿಯ ಮಾತೇನೂ ನಿಲ್ಲಲಿಲ್ಲ. ಲೇಖಕ ಸತ್ತನೆಂದು ಫ್ರಾನ್ಸಿನ ವಿಮರ್ಶಕ ರೋಲಾ ಬಾರ್ತ್ ಬರೆದದ್ದು 1967ರಲ್ಲಿ. ತಾಳಮದ್ದಳೆ ನೋಡಿದವರು ಆ ಮಾತನ್ನು ಅರ್ಧ ಮಾತ್ರ ಒಪ್ಪಿಯಾರು.

ಏಕೆಂದರೆ ಕವಿ ಹೋದರೂ ಪ್ರಸಂಗದ ನಡೆ ಉಳಿದಿದೆ. ವಾದದಲ್ಲಿ ಗೆದ್ದರೂ ವಾಲಿ ಸಾಯಲೇಬೇಕು, ಮಗ ಅಂಗದನನ್ನು ರಾಮನಿಗೆ ಒಪ್ಪಿಸಲೇಬೇಕು. ರಾಮ ಬರೀ ವಂಚಕ ಎಂದು ಪಟ್ಟುಹಿಡಿದ ಅರ್ಥಧಾರಿಗೆ ಕೊನೆಯ ಪದ್ಯಗಳು ಬಂದಾಗ ದಾರಿ ಸಿಗುವುದಿಲ್ಲ. ಬುದ್ಧಿವಂತರು ಮೊದಲ ಆಕ್ಷೇಪದಲ್ಲೇ ಆ ಶರಣಾಗತಿಗೆ ಒಂದು ಎಳೆ ಬಿಟ್ಟಿರುತ್ತಾರೆ. ಎದುರಿಗೆ ರಾಮನ ಅರ್ಥಧಾರಿಯೂ ಕೂತಿರುತ್ತಾರೆ. ಹೇಳಿದ್ದನ್ನು ಅವರ ಮುಂದೆ ಸಮರ್ಥಿಸಿಕೊಳ್ಳಬೇಕು. ಅರ್ಥ ಗಟ್ಟಿಯಾಗುವುದು ಹೀಗೆ.

ಮಾತಿನ ಭರದಲ್ಲಿ ಪದ್ಯವೇ ಕಳೆದುಹೋಗುತ್ತದೆಂದು ಹಳೆಯ ಪ್ರೇಕ್ಷಕರು ದೂರುವುದುಂಟು. ಅದು ನ್ಯಾಯವಾದ ದೂರು. ಪದ್ಯಕ್ಕೆ ಹೊಂದದ ಪಾಂಡಿತ್ಯ ಎಷ್ಟಿದ್ದರೂ ಅದು ಓದಲ್ಲ.

ಪುಸ್ತಕ ಹಿಡಿದು ಒಬ್ಬರೇ ಕೂತ ಓದುಗರಿಗೆ ರಾಮನ ಅರ್ಥಧಾರಿಯಂಥ ಎದುರಾಳಿ ಇಲ್ಲ. ಕಾದಂಬರಿಯ ಒಂದು ಪುಟ ಓದಿ ಲೇಖಕರ ಮೇಲೆ ಮುಗಿಬೀಳುವವರನ್ನೂ, ತಮ್ಮ ಉದ್ದೇಶವೇ ಕೃತಿಯ ಕೊನೆಯ ಅರ್ಥ ಎನ್ನುವ ಲೇಖಕರನ್ನೂ ಕೇಳಬೇಕಾದದ್ದು ಒಂದೇ: ಉಳಿದ ಪುಟಗಳು ಈ ಅರ್ಥಕ್ಕೆ ಒಪ್ಪುತ್ತವೆಯೇ?