ಕಿರುತೆರೆಯ ನಗು ಬೆಳ್ಳಿತೆರೆಗೆ ಹೊಂದೀತೇ?

ಹಿರಿಯ ನಟ ಸತೀಶ್ ಶಾ ಅವರು 2025ರ ಅಕ್ಟೋಬರ್ 25ರಂದು ಮುಂಬೈಯಲ್ಲಿ ನಿಧನರಾದಾಗ ಪ್ರಕಟವಾದ ಶ್ರದ್ಧಾಂಜಲಿ ಬರಹಗಳಲ್ಲಿ ಅವರ ಚಲನಚಿತ್ರಗಳ ಜೊತೆಜೊತೆಗೇ ಎರಡು ಧಾರಾವಾಹಿಗಳ ಹೆಸರು ಕಾಣಿಸಿಕೊಂಡಿತು. ಮೊದಲನೆಯದು 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಯೇ ಜೋ ಹೈ ಜಿಂದಗಿ’. ಅದರಲ್ಲಿ ಅವರು ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಎರಡನೆಯದು 2004ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಆರಂಭವಾದ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’. ಹೆಂಡತಿಯ ಶ್ರೀಮಂತಿಕೆಯ ಠೀವಿಯನ್ನೂ ಕಿರಿಯ ಮಗನ ಕವಿತ್ವವನ್ನೂ ಒಂದೇ ಸಮನೆ ಗೇಲಿ ಮಾಡುವ ಇಂದ್ರವದನ ಸಾರಾಭಾಯಿಯ ಪಾತ್ರ ಅವರದಾಗಿತ್ತು.

ಈ ಎರಡನೆಯ ಧಾರಾವಾಹಿ 2017ರಲ್ಲಿ ಅಂತರ್ಜಾಲ ಸರಣಿಯಾಗಿ ಮರಳಿ ಬಂದಿತೇ ಹೊರತು ಮೂಲ ತಂಡದೊಂದಿಗೆ ಚಲನಚಿತ್ರವಾಗಲಿಲ್ಲ. ಇನ್ನು ಆಗುವುದೂ ಇಲ್ಲ. ಮುಂದೆಂದಾದರೂ ಅಂತಹ ಪ್ರಯತ್ನ ನಡೆದರೆ ಇಂದ್ರವದನನ ಅಂಗಿಯನ್ನು ಬೇರೆ ಯಾರಾದರೂ ತೊಡಬೇಕಾಗುತ್ತದೆ. ಜನಮನದಲ್ಲಿ ನೆಲೆಯಾದ ಕಿರುತೆರೆಯ ಹಾಸ್ಯವನ್ನು ಬೆಳ್ಳಿತೆರೆಗೆ ತಂದರೆ ನೋಡಲು ಯೋಗ್ಯವೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಈಗಾಗಲೇ ಸಾಕಷ್ಟು ನಿದರ್ಶನಗಳಿವೆ.

ಮೊದಲಿಗೆ ಕಿರುತೆರೆಯ ಹಾಸ್ಯ ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಅಲ್ಲಿ ಯಾರೂ ಬದಲಾಗುವುದಿಲ್ಲ. ಈ ವಾರ ಪೆಟ್ಟು ತಿಂದು ಪಾಠ ಕಲಿತಂತೆ ಕಂಡವನು ಮುಂದಿನ ವಾರ ಅದೇ ತಪ್ಪನ್ನು ಅಷ್ಟೇ ಉತ್ಸಾಹದಿಂದ ಮಾಡುತ್ತಾನೆ. ಅದೇ ಪಡಸಾಲೆ, ಅದೇ ಸೋಫಾ, ಅದೇ ಬಾಗಿಲು. ಬಾಗಿಲು ತೆರೆದುಕೊಂಡರೆ ಯಾರು ಬರುತ್ತಾರೆ, ಬಂದವರು ಏನು ಹೇಳುತ್ತಾರೆ ಎಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಗೊತ್ತಿರುವುದೇ ನಗುವಿಗೆ ಕಾರಣ. ಆದರೆ ಎರಡು ಗಂಟೆಯ ಚಲನಚಿತ್ರ ಕೇಳುವುದು ಇದಕ್ಕೆ ತದ್ವಿರುದ್ಧವಾದುದನ್ನು. ಅದಕ್ಕೆ ಆರಂಭ ಬೇಕು, ತಿರುವು ಬೇಕು, ನಾಯಕ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಬೇಕು. ಎಲ್ಲಿಗೂ ತಲುಪದಿರುವುದೇ ಸ್ವಭಾವವಾದ ಪಾತ್ರಗಳನ್ನು ಹೀಗೆ ಪ್ರಯಾಣಕ್ಕೆ ಹೊರಡಿಸುವುದು ಸುಲಭದ ಕೆಲಸವಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ‘ಖಿಚಡಿ’. 2002ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಆರಂಭವಾದ ಈ ಧಾರಾವಾಹಿಯ ಪಾರೇಖ್ ಕುಟುಂಬದ ಸಮಸ್ಯೆ ಬಹಳ ಸರಳ. ಹಳೆಯ ಮನೆಯನ್ನು ಮಾರಿ ಬೇರೆಬೇರೆಯಾಗಬೇಕೆಂಬುದು ಮಕ್ಕಳ ಆಸೆ, ತಾನಿರುವ ತನಕ ಮಾರಗೊಡೆನೆಂಬುದು ಬಾಬೂಜಿಯ ಹಠ. ಆದ್ದರಿಂದ ಪರಸ್ಪರ ಸೇರದವರೆಲ್ಲ ಒಂದೇ ಸೂರಿನಡಿ ಸಿಕ್ಕಿಬಿದ್ದಿದ್ದಾರೆ. ಇಂಗ್ಲಿಷ್ ಪದವೊಂದರ ಅರ್ಥವೇನೆಂದು ಹಂಸಾ ಕೇಳುತ್ತಾಳೆ. ಗಂಡ ಪ್ರಫುಲ್ ಆ ಪದವನ್ನು ಮುರಿದು ತನಗೆ ತೋಚಿದ ಅರ್ಥವನ್ನು ಪಂಡಿತನ ಗಾಂಭೀರ್ಯದಲ್ಲಿ ಹೇಳುತ್ತಾನೆ, ಅವಳು ಒಪ್ಪಿಕೊಳ್ಳುತ್ತಾಳೆ. ಸುಪ್ರಿಯಾ ಪಾಠಕ್ ಮತ್ತು ರಾಜೀವ್ ಮೆಹ್ತಾ ಇದನ್ನು ನೂರು ಸಲ ಮಾಡಿದರೂ ನೂರೊಂದನೆಯ ಸಲ ಜನ ಕಾದು ಕುಳಿತರು. (ಸಾರಾಭಾಯಿ ಮನೆಯ ಮಾಯಾ ಆಗಿ ಮೆರೆದ ರತ್ನಾ ಪಾಠಕ್ ಶಾ ಇದೇ ಸುಪ್ರಿಯಾ ಅವರ ಅಕ್ಕ. ಹಿಂದಿ ಕಿರುತೆರೆಯ ಎರಡು ಅತ್ಯುತ್ತಮ ಹಾಸ್ಯ ಪಾತ್ರಗಳು ದೀನಾ ಪಾಠಕ್ ಅವರ ಮನೆಯಿಂದಲೇ ಬಂದವು!)

2010ರ ಅಕ್ಟೋಬರ್‌ನಲ್ಲಿ ಆತಿಶ್ ಕಪಾಡಿಯಾ ಅವರೇ ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಜಯಶ್ರೀಯ ಪಾತ್ರದಲ್ಲಿ ವಂದನಾ ಪಾಠಕ್ ಇರಲಿಲ್ಲವೆಂಬುದನ್ನು ಬಿಟ್ಟರೆ ಮುಖ್ಯ ಕಲಾವಿದರೆಲ್ಲ ಹಳಬರೇ. ಹಿಮಾಂಶುವಿಗೆ ಚರಿತ್ರೆಯಲ್ಲಿ ಉಳಿಯುವಂತಹ ಪ್ರೇಮಕಥೆ ಬೇಕೆಂಬುದು ಚಿತ್ರದ ಎಳೆ. ಪ್ರೇಮಕ್ಕೆ ಅಡ್ಡಿಯೇ ಇಲ್ಲದಿದ್ದರೆ ಅಮರ ಪ್ರೇಮ ಹೇಗಾದೀತೆಂದು ಕುಟುಂಬವೇ ಚಿಂತೆಗೆ ಬೀಳುವ ಭಾಗಗಳು ಇಂದಿಗೂ ನಗಿಸುತ್ತವೆ. ಹಿಂದಿ ಚಿತ್ರಗಳ ಸವಕಲು ಸೂತ್ರಗಳನ್ನೇ ಹಾಸ್ಯದ ಸರಕಾಗಿಸಿಕೊಂಡದ್ದು ಜಾಣತನದ ಕೆಲಸ. ಕಥೆಯನ್ನು ಮುಂದಕ್ಕೆ ಎಳೆಯಲೇಬೇಕಾದಾಗ ಮಾತ್ರ ನಗೆ ತೆಳುವಾಗುತ್ತದೆ. ಹದಿಮೂರು ವರ್ಷಗಳ ಬಳಿಕ, 2023ರ ನವೆಂಬರ್ 17ರಂದು ತೆರೆ ಕಂಡ ‘ಖಿಚಡಿ 2: ಮಿಷನ್ ಪಾಂಥುಕಿಸ್ತಾನ್’ನಲ್ಲಿ ವಂದನಾ ಪಾಠಕ್ ಮರಳಿದರು. ಆದರೆ ಕುಟುಂಬವೇ ಗುಪ್ತ ಕಾರ್ಯಾಚರಣೆಗೆಂದು ಕಲ್ಪಿತ ದೇಶವೊಂದಕ್ಕೆ ಹೊರಟುಹೋಯಿತು. ಸಿಕ್ಕಿಬಿದ್ದವರ ಹಾಸ್ಯವನ್ನು ಸಿಕ್ಕಿಬಿದ್ದ ಜಾಗದಿಂದ ಬಿಡುಗಡೆ ಮಾಡಿದರೆ ಉಳಿಯುವುದು ಬರೀ ವೇಷಭೂಷಣ. ಮೊದಲ ಚಿತ್ರಕ್ಕೆ ಸಮಯ ಕೊಡಬಹುದು. ಎರಡನೆಯದಕ್ಕೆ ಅಭಿಮಾನಿಗಳಷ್ಟೇ ಕೊಟ್ಟಾರು.

ಇದಕ್ಕಿಂತ ಹೆಚ್ಚು ವಿಚಾರಕ್ಕೆ ಹಚ್ಚುವ ಪ್ರಕರಣ ‘ಆಫೀಸ್ ಆಫೀಸ್’ನದು. 2001ರಲ್ಲಿ ಸಬ್ ಟಿವಿಯಲ್ಲಿ ಆರಂಭವಾದ, ರಾಜೀವ್ ಮೆಹ್ರಾ ನಿರ್ದೇಶನದ ಈ ಧಾರಾವಾಹಿಯಲ್ಲಿ ಪಂಕಜ್ ಕಪೂರ್ ಅವರ ಮುಸದ್ದಿಲಾಲ್ ಪ್ರತಿ ವಾರ ಒಂದೊಂದು ಕಚೇರಿಗೆ ಅಲೆಯುತ್ತಾನೆ. ಒಂದು ವಾರ ವಿದ್ಯುತ್ ಕಚೇರಿಯಾದರೆ ಮತ್ತೊಂದು ವಾರ ಆಸ್ಪತ್ರೆ. ಆದರೆ ಎಲ್ಲ ಕಡೆಯೂ ಕುಳಿತಿರುವವರು ಅದೇ ಐವರು! ಭಾಟಿಯಾ ತಿನ್ನುತ್ತಲೇ ಇರುತ್ತಾನೆ, ಶುಕ್ಲಾ ಪಾನ್ ಜಗಿಯುತ್ತಲೇ ಇರುತ್ತಾನೆ. ಇಲಾಖೆ ಬದಲಾದರೂ ಮುಖ ಬದಲಾಗದು ಎಂಬ ಒಂದು ತಂತ್ರದಲ್ಲೇ ಸರ್ಕಾರಿ ವ್ಯವಸ್ಥೆಯ ಬಗ್ಗೆ ಹೇಳಬೇಕಾದುದೆಲ್ಲ ಅಡಗಿತ್ತು. ಮುಸದ್ದಿಲಾಲ್ ಕೂಗಾಡುವವನಲ್ಲ, ಹೋರಾಟಗಾರನೂ ಅಲ್ಲ. ಕೈಚೀಲ ಹಿಡಿದು ‘ನಾಳೆ ಬನ್ನಿ’ ಎಂಬ ಮಾತನ್ನು ಕೇಳಿಸಿಕೊಂಡು ಮರುದಿನ ಬರುವವನು. ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಅರ್ಜಿ ಹಿಡಿದು ಕುಳಿತ ಅನುಭವವಿರುವ ಕನ್ನಡ ಪ್ರೇಕ್ಷಕರಿಗೆ ಅವನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿರಲಿಲ್ಲ.

ಇದೇ ನಿರ್ದೇಶಕರ ‘ಚಲಾ ಮುಸದ್ದಿ... ಆಫೀಸ್ ಆಫೀಸ್’ ಚಿತ್ರ 2011ರ ಆಗಸ್ಟ್ 5ರಂದು ಬಿಡುಗಡೆಯಾಯಿತು. ಆ ದಿನಗಳನ್ನು ನೆನಪಿಸಿಕೊಳ್ಳುವುದು ಒಳಿತು. ಏಪ್ರಿಲ್‌ನಲ್ಲಿ ಅಣ್ಣಾ ಹಜಾರೆ ಅವರು ದೆಹಲಿಯ ಜಂತರ್ ಮಂತರ್‌ನಲ್ಲಿ ಲೋಕಪಾಲ ಮಸೂದೆಗಾಗಿ ಉಪವಾಸ ಕುಳಿತಿದ್ದರು. ಆಗಸ್ಟ್‌ನಲ್ಲಿ ರಾಮಲೀಲಾ ಮೈದಾನದ ಉಪವಾಸ ನಡೆಯಲಿತ್ತು. ಕರ್ನಾಟಕದಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಜುಲೈ 27ರಂದು ಸಲ್ಲಿಸಿದ್ದರು. ಜುಲೈ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದ್ದರು. ಲಂಚದ ಕುರಿತ ಹಾಸ್ಯಚಿತ್ರಕ್ಕೆ ಇದಕ್ಕಿಂತ ಹದವಾದ ಮುಹೂರ್ತ ಸಿಗುವುದು ಕಷ್ಟ. ಆದರೂ ಚಿತ್ರ ಚಿತ್ರಮಂದಿರಗಳಲ್ಲಿ ನೆಲೆ ನಿಲ್ಲಲಿಲ್ಲ.

ಕಾರಣಗಳು ಸ್ಪಷ್ಟ. ಚಿತ್ರ ನೋಡಲು ಧಾರಾವಾಹಿಯ ಹಲವು ಕಂತುಗಳನ್ನು ಹೊಲಿದಂತಿದೆ. ದೊಡ್ಡ ತೆರೆಗೆ ಬೇಕಾದ ದೃಶ್ಯವೈಭವವಾಗಲಿ ವೇಗವಾಗಲಿ ಅದರಲ್ಲಿಲ್ಲ. ಮನೆಯಲ್ಲಿ ಬಿಟ್ಟಿಯಾಗಿ ಹತ್ತು ವರ್ಷ ನೋಡಿದ್ದನ್ನು ಹಣ ಕೊಟ್ಟು ನೋಡುವುದೇಕೆಂದು ಜನ ಕೇಳಿದ್ದರೆ ತಪ್ಪೇನೂ ಇಲ್ಲ. ಅದಲ್ಲದೆ ಆ ಹೊತ್ತಿಗೆ ಜನರ ಸಿಟ್ಟು ದೊಡ್ಡ ಹಗರಣಗಳ ಕಡೆಗೆ ತಿರುಗಿತ್ತು. ಸಾವಿರಾರು ಕೋಟಿಯ ಲೆಕ್ಕ ಕೇಳುತ್ತಿದ್ದ ಕಿವಿಗಳಿಗೆ ಗುಮಾಸ್ತನ ಮೇಜಿನಡಿಯ ನೋಟು ಸಣ್ಣದಾಗಿ ಕೇಳಿಸಿರಬೇಕು.

ಹೀಗಿದ್ದರೂ ಇಂತಹ ಚಿತ್ರಗಳ ಪೈಕಿ ಒಂದನ್ನೇ ನೋಡುವುದಾದರೆ ನೋಡಬೇಕಾದದ್ದು ಇದನ್ನೇ. ಮುಸದ್ದಿಲಾಲ್ ಇಲ್ಲಿ ನಿವೃತ್ತ ಶಾಲಾ ಶಿಕ್ಷಕ. ಪಿಂಚಣಿ ನಿಂತಿದೆ. ವಿಚಾರಿಸಲು ಹೋದರೆ ಕಡತದ ಪ್ರಕಾರ ಅವನು ಸತ್ತಿದ್ದಾನೆ. ಎದುರಿಗೆ ನಿಂತು ಮಾತನಾಡುತ್ತಿರುವ ಮನುಷ್ಯನಿಗೆ, ಬದುಕಿರುವುದಕ್ಕೆ ಪುರಾವೆ ತರುವಂತೆ ಹೇಳಲಾಗುತ್ತದೆ. ಧಾರಾವಾಹಿಯಲ್ಲಿ ವಾರಕ್ಕೊಮ್ಮೆ ಮುಗಿದುಹೋಗುತ್ತಿದ್ದ ಸಣ್ಣ ಅವಮಾನ ಇಲ್ಲಿ ಮುಗಿಯುವುದಿಲ್ಲ, ಒಂದು ಬಾಗಿಲಿನಿಂದ ಮತ್ತೊಂದಕ್ಕೆ ಬೆಳೆಯುತ್ತ ಹೋಗುತ್ತದೆ. ಚಲನಚಿತ್ರದ ದೀರ್ಘತೆ ಒಮ್ಮೆಯಾದರೂ ಕಥೆಯ ಕೆಲಸಕ್ಕೆ ಬಂದದ್ದು ಇಲ್ಲಿ. ವಾರವಾರವೂ ಬದಲಾಗದೆ ಉಳಿಯುತ್ತಿದ್ದ ಮುಸದ್ದಿಯ ತಾಳ್ಮೆ ತೆಳುವಾಗುತ್ತ ಬರುವುದನ್ನು ಪಂಕಜ್ ಕಪೂರ್ ಹುಬ್ಬಿನಲ್ಲೇ ತೋರಿಸುತ್ತಾರೆ.

ಇದು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಅವರನ್ನು ಕಂದಾಯ ದಾಖಲೆಗಳಲ್ಲಿ ಮೃತರೆಂದು ಬರೆಯಲಾಗಿತ್ತು; ಸಂಬಂಧಿಕರಿಗೆ ಜಮೀನು ಬೇಕಿತ್ತು. ಮತ್ತೆ ‘ಜೀವಂತ’ರಾಗಲು ಅವರು 1994ರವರೆಗೆ ಹೋರಾಡಬೇಕಾಯಿತು. ತಮ್ಮಂತೆಯೇ ಕಾಗದದ ಮೇಲೆ ಸತ್ತವರನ್ನು ಕೂಡಿಸಿ ‘ಮೃತಕ ಸಂಘ’ವನ್ನೇ ಕಟ್ಟಿದರು. ಅವರ ಬದುಕನ್ನು ಆಧರಿಸಿ ಸತೀಶ್ ಕೌಶಿಕ್ 2021ರಲ್ಲಿ ‘ಕಾಗಜ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ನಿವೃತ್ತರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸುವ ಪದ್ಧತಿಗೆ ಕೇಂದ್ರ ಸರ್ಕಾರ 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಯನ್ನು ತಂದಿತು. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಸಕಾಲ’ ಯೋಜನೆ ಅರ್ಜಿಗಳಿಗೆ ಕಾಲಮಿತಿ ವಿಧಿಸಿತು. ಬೆರಳಚ್ಚು ಸವೆದ ವೃದ್ಧರ ಹೆಬ್ಬೆರಳನ್ನು ಯಂತ್ರ ಗುರುತಿಸದಿದ್ದರೆ ಏನು ಮಾಡಬೇಕು ಎಂಬ ಹೊಸ ಪ್ರಶ್ನೆ ಮಾತ್ರ ಮುಸದ್ದಿಲಾಲನಿಗೆ ಎದುರಾಗಿರಲಿಲ್ಲ.

ಹಳೆಯ ತಂಡವೇ ಇಲ್ಲದಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅನುಭವವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರು ಕಾಯಲು ನಿಂತ ಮುದುಕರ ದಂಡಿನ ಕಥೆ ‘ಡ್ಯಾಡ್ಸ್ ಆರ್ಮಿ’ 1968ರಿಂದ 1977ರವರೆಗೆ ಬಿಬಿಸಿಯಲ್ಲಿ 80 ಕಂತುಗಳಲ್ಲಿ ಪ್ರಸಾರವಾಯಿತು. 1971ರಲ್ಲಿ ಮೂಲ ಕಲಾವಿದರಿಂದಲೇ ಒಂದು ಚಿತ್ರ ಬಂದಿತು. 2016ರಲ್ಲಿ ಮತ್ತೊಂದು ಬಂದಿತು. ಅಷ್ಟರಲ್ಲಿ ಕ್ಯಾಪ್ಟನ್ ಮ್ಯಾನರಿಂಗ್ ಆಗಿದ್ದ ಆರ್ಥರ್ ಲೋ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಟೋಬಿ ಜೋನ್ಸ್, ಬಿಲ್ ನೈ, ಮೈಕೆಲ್ ಗ್ಯಾಂಬನ್ ಅವರಂತಹ ಘಟಾನುಘಟಿಗಳು ಸೇರಿದರೂ ಪ್ರೇಕ್ಷಕನ ಮನಸ್ಸು ತೆರೆಯ ಮೇಲಿರುವವರನ್ನು ಬಿಟ್ಟು ತೆರೆಯ ಮೇಲಿಲ್ಲದವರನ್ನೇ ಹುಡುಕುತ್ತದೆ. ಶತ್ರುವೇ ಬಾರದ ಊರಿನಲ್ಲಿ ಶತ್ರುವಿಗಾಗಿ ಕಾಯುವುದು ಮೂಲದ ಸೊಗಸು. ಚಿತ್ರಕ್ಕೆ ಗೂಢಚಾರಿಣಿಯೊಬ್ಬಳು ಬೇಕಾದಳು. ಪಾಂಥುಕಿಸ್ತಾನಕ್ಕೆ ಹೊರಟ ಪಾರೇಖ್ ಕುಟುಂಬದ್ದೂ ಇದೇ ದಾರಿ.

ಆದರೆ ಇದೇ ಧಾರಾವಾಹಿ ಇನ್ನೊಂದು ಬಗೆಯ ಮರುಸೃಷ್ಟಿಗೂ ಒಳಗಾಯಿತು. ಆ ಕಾಲದಲ್ಲಿ ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುತ್ತಿದ್ದುದರಿಂದ ಎರಡನೆಯ ಸರಣಿಯ ಮೂರು ಕಂತುಗಳು ಇಂದು ಲಭ್ಯವಿಲ್ಲ. 2019ರಲ್ಲಿ ಅವೇ ಮೂರು ಕಂತುಗಳನ್ನು ಹಳೆಯ ಚಿತ್ರಕಥೆಯಿಂದ ಹೊಸ ನಟರು ಮತ್ತೆ ಅಭಿನಯಿಸಿದರು. ಹಿಗ್ಗಿಸಲಿಲ್ಲ, ಹೊಸ ಕಾಲಕ್ಕೆ ತರಲಿಲ್ಲ. ಇದ್ದುದನ್ನು ಇದ್ದಂತೆ ಆಡಿದರು. ಇಲ್ಲಿ ನಕಲಿಗೆ ಒಂದು ನ್ಯಾಯವಿದೆ, ಅಸಲು ಕಳೆದುಹೋಗಿದೆ. ಅಮೆರಿಕದವರು ಈ ದಂಧೆಯಲ್ಲಿ ಹೆಚ್ಚು ಕೈಯಾಡಿಸಿ ಹೆಚ್ಚು ಸೋತವರು. 1995ರ ‘ದಿ ಬ್ರೇಡಿ ಬಂಚ್ ಮೂವಿ’ಯಂತಹ ಅಪವಾದಗಳು ಗೆದ್ದದ್ದು, ಎಪ್ಪತ್ತರ ದಶಕದ ಕುಟುಂಬವನ್ನು ಹಾಗೆಯೇ ತೊಂಬತ್ತರ ದಶಕದ ನಡುವೆ ನಿಲ್ಲಿಸಿ ಆ ಹಳತನ್ನೇ ನಗೆಪಾಟಲಿಗೆ ಒಡ್ಡಿದ್ದರಿಂದ.

ಕಿರುತೆರೆಯಲ್ಲೇ ಮರಳಿ ಬಂದವರಿಗೆ ಈ ಇಕ್ಕಟ್ಟು ಕಡಿಮೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಕಲ್ಪನೆಯಿಂದ 1988ರಲ್ಲಿ ದೂರದರ್ಶನಕ್ಕೆ ಬಂದ ‘ವಾಗ್ಲೆ ಕಿ ದುನಿಯಾ’ 2021ರಲ್ಲಿ ಸೋನಿ ಸಬ್ ವಾಹಿನಿಯಲ್ಲಿ ಮತ್ತೆ ಆರಂಭವಾದಾಗ ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಆಚ್ರೇಕರ್ ಅದೇ ದಂಪತಿಯಾಗಿ, ಆದರೆ ಈಗ ಅಜ್ಜ ಅಜ್ಜಿಯರಾಗಿ ಕಾಣಿಸಿಕೊಂಡರು. ನೋಡುವವರಿಗೆ ವಯಸ್ಸಾದಂತೆ ಪಾತ್ರಗಳಿಗೂ ವಯಸ್ಸಾಗಿತ್ತು, ಅದನ್ನು ಯಾರೂ ಮುಚ್ಚಿಡಲಿಲ್ಲ. ಕನ್ನಡದ ‘ಪಾಪ ಪಾಂಡು’ ಕೂಡ 2018ರಲ್ಲಿ ಮರಳಿದ್ದು ಕಿರುತೆರೆಗೇ.

ಹಾಗೆ ನೋಡಿದರೆ ಇಲ್ಲಿ ನಿಜವಾಗಿ ಪಣಕ್ಕಿರುವುದು ಮೂಲ ಕಂತುಗಳು. 2020ರ ಲಾಕ್‌ಡೌನ್ ಅವಧಿಯಲ್ಲಿ ದೂರದರ್ಶನವು ‘ರಾಮಾಯಣ’ದ ಜೊತೆಗೆ ‘ದೇಖ್ ಭಾಯಿ ದೇಖ್’, ‘ಶ್ರೀಮಾನ್ ಶ್ರೀಮತಿ’ ಧಾರಾವಾಹಿಗಳನ್ನೂ ಮರುಪ್ರಸಾರ ಮಾಡಿದಾಗ, ಮಕ್ಕಳಿಗೆ ‘ನಮ್ಮ ಕಾಲದಲ್ಲಿ’ ಎಂದು ವಿವರಿಸುತ್ತಿದ್ದ ಹಿರಿಯರಿಗೆ ತೋರಿಸಲು ವಸ್ತುವೇ ಸಿಕ್ಕಿತು. ಒಂದು ಚಲನಚಿತ್ರಕ್ಕೆ ತಗಲುವ ವೆಚ್ಚದ ಸಣ್ಣ ಪಾಲಿನಲ್ಲಿ ಹಳೆಯ ಟೇಪುಗಳನ್ನು ಶುದ್ಧಗೊಳಿಸಿ, ಉಪಶೀರ್ಷಿಕೆ ಸೇರಿಸಿ, ಸುಲಭವಾಗಿ ದೊರೆಯುವಂತೆ ಮಾಡಬಹುದು. ಬೆಂಗಳೂರು ದೂರದರ್ಶನದ ಎಂಬತ್ತು, ತೊಂಬತ್ತರ ದಶಕಗಳ ಕನ್ನಡ ಹಾಸ್ಯ ಧಾರಾವಾಹಿಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳ ನಟರಲ್ಲಿ ಹಲವರು ಈಗಿಲ್ಲ. ಮತ್ತೆ ಚಿತ್ರೀಕರಿಸುವ ಅವಕಾಶವೂ ಇಲ್ಲ. ಬಿಬಿಸಿಗೆ ಕನಿಷ್ಠ ಮೂರು ಕಂತುಗಳ ಚಿತ್ರಕಥೆಯಾದರೂ ಉಳಿದಿತ್ತು.