ಹಳದಿ ಹೂವಿನ ಬಳ್ಳಿಗೆ ವಿಷ ಬೇಡ

ಆ ಬಳ್ಳಿಯನ್ನು ನಮ್ಮ ಮನೆಗೆ ತಂದವರು ನಾವೇ. ನಾಲ್ಕು ವರ್ಷಗಳ ಹಿಂದೆ ಅಮ್ಮ ಚಿಕ್ಕಮ್ಮನ ಮನೆಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ ತಂದದ್ದು ಗೇಣುದ್ದದ ಒಂದು ತುಂಡು. ಹೊಳೆಯುವ ಎಲೆ, ವರ್ಷವಿಡೀ ಹಳದಿ ಹೂವು. ನರ್ಸರಿಯಲ್ಲಿ ಸಿಂಗಾಪುರ ಡೈಸಿ ಅನ್ನುತ್ತಾರೆ, ಅದರ ಮೂಲ ಮಾತ್ರ ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ಈಗ ಬಸಳೆ ಚಪ್ಪರದ ಬುಡ, ಕೆಸುವಿನ ಸಾಲು, ಬಾವಿಕಟ್ಟೆಯ ಸುತ್ತ ಎಲ್ಲ ಅದರದ್ದೇ ರಾಜ್ಯ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇದೇ ಕಥೆ ಉಂಟು, ನೀವು ಹಾಕುವ ಫೋಟೊಗಳ ಹಿಂದೆ ಕಾಣುತ್ತದೆ.

ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಈ ಮಾತು ಬಂದಾಗ ಹೆಚ್ಚಿನವರು ಹೇಳಿದ್ದು ಒಂದೇ: "ಕಳೆನಾಶಕ ಹೊಡೆದುಬಿಡಿ." ಗ್ಲೈಫೋಸೇಟನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ ಎಂದರೆ, ಗಡಿ ದಾಟಿದರೆ ಸಿಗುತ್ತದಂತೆ ಎಂದು ಒಬ್ಬ ನಕ್ಕ. ನನಗೆ ನಗು ಬರಲಿಲ್ಲ. ಇದು ಕಾಸರಗೋಡು. ಇಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರು. ಅದು ಕೀಟನಾಶಕ, ಇದು ಬೇರೆ ಎನ್ನುತ್ತೀರಿ, ಸರಿ. ಆದರೆ ಆಗಲೂ "ಏನೂ ಆಗುವುದಿಲ್ಲ" ಎಂದೇ ಹೇಳಿದ್ದರು. ಎಣ್ಮಕಜೆ ಪಂಚಾಯತಿನ ಮನೆಗಳಿಗೆ ಹೋಗಿ ಬಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಮ್ಮ ಬಸಳೆ ಚಪ್ಪರದಿಂದ ಕುಡಿಯುವ ನೀರಿನ ಬಾವಿಗೆ ಹನ್ನೆರಡು ಹೆಜ್ಜೆ.

ಹಾಗಾದರೆ ಯಂತ್ರ? ಅದೂ ಬೇಡ. ಕಳೆದ ವರ್ಷ ಸಕಲ ಮೃತರ ಸ್ಮರಣೆಗೆ ಮೊದಲು ನಾವೇ ಯುವಕರು ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಸ್ಮಶಾನವನ್ನು ಬೆಳಗ್ಗೆಯೊಳಗೆ "ಸ್ವಚ್ಛ" ಮಾಡಿದೆವು. ಈ ಬಳ್ಳಿಯ ಗಂಟು ಗಂಟಿನಲ್ಲೂ ಬೇರು ಬರುತ್ತದೆ. ಯಂತ್ರ ಒಂದು ಬಳ್ಳಿಯನ್ನು ಐವತ್ತು ಮಾಡಿತು. ಕಡಿದದ್ದನ್ನು ತೋಡಿನ ಬದಿಗೆ ಬಿಸಾಡಿದ್ದೂ ನಾವೇ. ಈ ಮಳೆಗಾಲದಲ್ಲಿ ಅದು ಕೆಳಗಿನ ನೆರೆಯವರ ಅಡಕೆ ತೋಟದಲ್ಲಿ ಚಿಗುರಿದೆ. ಅವರು ಜಗಳಕ್ಕೆ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು.

ಕೈಯಿಂದಲೇ ಕೀಳಬೇಕು. ಅಕ್ಟೋಬರಿನಲ್ಲಿ, ಮಳೆ ಬಿಡುವು ಕೊಟ್ಟು ಮಣ್ಣು ಇನ್ನೂ ಮೆತ್ತಗಿರುವಾಗ, ಅಂಚಿನಿಂದ ಶುರು ಮಾಡಿ ಚಾಪೆ ಸುತ್ತಿದ ಹಾಗೆ ಒಳಕ್ಕೆ ಸುತ್ತುತ್ತಾ ಬಂದರೆ ಬೇರು ಸಮೇತ ಬರುತ್ತದೆ. ಕಿತ್ತದ್ದನ್ನು ಸಿಮೆಂಟು ಅಂಗಳದಲ್ಲಿ ಹರಡಿ, ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ. ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ. ಬೋಳಾದ ಜಾಗಕ್ಕೆ ಮಡಲು, ಅಡಕೆ ಸೋಗೆ ದಪ್ಪವಾಗಿ ಹೊದೆಸಿ. ಆಮೇಲೆ ಮೂರು ವಾರಕ್ಕೊಮ್ಮೆ ಹೋಗಿ ಉಳಿದ ಚಿಗುರು ಕೀಳುವುದು, ಒಂದು ವರ್ಷವಾದರೂ. ಬೇಸರದ ಕೆಲಸ ಇದೇ. (ಸುಗ್ಗಿಯವರೆಗೆ ಕಳೆ ಕೀಳಬೇಡಿ ಎಂಬ ಸಾಮತಿಯನ್ನು ನೆನಪಿಸಿದ ತಮ್ಮನಿಗೆ: ಅಲ್ಲಿ ಗೋಧಿಯಾದರೂ ಇತ್ತು.)

ನಾನು ಮನೆಯಲ್ಲಿ ಕೆಸುವಿನ ಸಾಲು ಮುಗಿಸಿದ್ದೇನೆ, ಬಾವಿಯ ಸುತ್ತ ಬಾಕಿ. ಬರುವ ಶನಿವಾರ ಮಧ್ಯಾಹ್ನ ಮೊದಲು ನೆರೆಯವರ ತೋಟ, ಆಮೇಲೆ ಸ್ಮಶಾನ. ಹಾರೆ, ಗೋಣಿಚೀಲ ತನ್ನಿ. ಯಂತ್ರ ಮನೆಯಲ್ಲೇ ಇರಲಿ.