ಹಸಿ ಅದಿರು, ಒಣ ಕಾಗದ

ಬನಶಂಕರಿಯ ಸಣ್ಣ ಅಂಗಡಿಕಾರನ ತಕ್ಕಡಿಗೆ ಸರ್ಕಾರ ಮುದ್ರೆ ಹಾಕುತ್ತದೆ. ಮುದ್ರೆಯ ಗಡುವು ತಪ್ಪಿದರೆ ದಂಡ ಹಾಕುತ್ತದೆ. “ನನ್ನ ತೂಕ ಸರಿಯಾಗಿದೆ” ಎಂದು ಅಂಗಡಿಕಾರನೇ ಬರೆದುಕೊಟ್ಟರೆ ಯಾವ ಇನ್‌ಸ್ಪೆಕ್ಟರೂ ಒಪ್ಪುವುದಿಲ್ಲ. ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಹಡಗುಗಟ್ಟಲೆ ಅದಿರು ಸಾಗಿಸುವ ಸಾಹುಕಾರನಿಗೂ ಇದೇ ಬಿಗಿ ಏಕಿಲ್ಲ ಎಂಬುದೊಂದೇ ನಮ್ಮ ಪ್ರಶ್ನೆ. ಅಂಗಡಿಯಲ್ಲಿ ತಪ್ಪಿದರೆ ಐವತ್ತು ಗ್ರಾಂ ಬೇಳೆ ಹೋದೀತು. ಅಲ್ಲಿ ತಪ್ಪಿದರೆ ನಾವಿಕನ ಪ್ರಾಣವೇ ಹೋಗುತ್ತದೆ.

ಸಮುದ್ರ ಕಾಣದ ಜಯನಗರದವರಿಗೆ ಹಡಗಿನ ಗೊಡವೆ ಏಕೆ ಎನ್ನಬೇಡಿ. ಬಳ್ಳಾರಿಯ ಗಣಿ ನಮ್ಮದು, ಮಂಗಳೂರಿನ ಬಂದರು ನಮ್ಮದು. 2009ರ ಜುಲೈಯಲ್ಲಿ, ಮುಂಗಾರಿನ ನಡುವೆ, ನವಮಂಗಳೂರು ಬಂದರಿನಿಂದ 13 ಸಾವಿರ ಟನ್ನಿಗೂ ಮಿಕ್ಕಿ ಅದಿರಿನ ಪುಡಿ ಹೊತ್ತು ಚೀನಾಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ನಮ್ಮ ಕರಾವಳಿ ದಾಟುವ ಮೊದಲೇ ವಾಲಿತು, ಮುಳುಗಿತು. ಕೋಸ್ಟ್ ಗಾರ್ಡಿನವರು 18 ಮಂದಿ ಚೀನೀ ನಾವಿಕರನ್ನು ಉಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಅದಿರು ಹೊತ್ತ ‘ಬ್ಲ್ಯಾಕ್ ರೋಸ್’ ಮುಳುಗಿತು. ಅಲ್ಲಿ ಒಬ್ಬ ನಾವಿಕ ಸತ್ತ.

ಕಲ್ಲಿನಂಥ ಅದಿರು ಹಡಗನ್ನು ಉರುಳಿಸುವುದು ಹೇಗೆ? ಒಂದು ಡಬ್ಬಿಗೆ ಒದ್ದೆ ಮರಳು ತುಂಬಿ ನೆಲಕ್ಕೆ ಕುಟ್ಟಿ ನೋಡಿ. ಮರಳು ಕುಸಿಯುತ್ತದೆ, ನೀರು ಮೇಲಕ್ಕೆ ಬರುತ್ತದೆ. ಅಲೆಯ ಹೊಡೆತಕ್ಕೆ, ಎಂಜಿನ್ನಿನ ನಡುಕಕ್ಕೆ ಹಡಗಿನ ಹೊಟ್ಟೆಯಲ್ಲಿರುವ ಹಸಿ ಅದಿರೂ ಹಾಗೆಯೇ ಕೆಸರಾಗುತ್ತದೆ. ಹಡಗು ಎಡಕ್ಕೆ ವಾಲಿದರೆ ಕೆಸರೂ ಎಡಕ್ಕೆ ಹರಿಯುತ್ತದೆ, ಮರಳಿ ಬರುವುದಿಲ್ಲ. ಮುಂದಿನ ಅಲೆಗೆ ಹಡಗು ಮಗುಚುತ್ತದೆ.

ಇದು ಯಾರಿಗೂ ತಿಳಿಯದ ಗುಟ್ಟಲ್ಲ. ಚೀಲವಿಲ್ಲದೆ ರಾಶಿಯಾಗಿ ಸುರಿಯುವ ಸರಕಿನ ಬಗ್ಗೆ 1965ರಿಂದಲೂ ಅಂತರರಾಷ್ಟ್ರೀಯ ಸಂಹಿತೆ ಇದೆ. ಇಂಥ ಸರಕಿನಲ್ಲಿ ನೀರಿನಂಶ ಎಷ್ಟಿರಬಹುದೆಂಬ ಮಿತಿಯನ್ನು ಮೊದಲು ಗೊತ್ತುಮಾಡಬೇಕು. ತುಂಬುವ ಮುನ್ನ ಏಳು ದಿನದೊಳಗೆ ನೀರಿನಂಶ ಅಳೆಯಬೇಕು. ನಡುವೆ ಜೋರು ಮಳೆ ಬಂದರೆ ಮತ್ತೆ ಅಳೆಯಬೇಕು. ಸಂಶಯ ಬಂದ ಕ್ಯಾಪ್ಟನ್ ಡಬ್ಬಿಯಲ್ಲಿ ಅರ್ಧ ಅದಿರು ತುಂಬಿ, ಗೇಣೆತ್ತರದಿಂದ 25 ಸಲ ಕುಟ್ಟಿ ನೋಡಬಹುದು. ನೀರು ಕಂಡರೆ ಪ್ರಯೋಗಾಲಯದ ಪರೀಕ್ಷೆಯಾಗದೆ ಸರಕು ಹತ್ತಿಸುವಂತಿಲ್ಲ. ನೀರು ಕಾಣಲಿಲ್ಲವೆಂದರೂ ಕ್ಷೇಮವೆಂದು ಹೇಳುವಂತಿಲ್ಲ.

2009ರಲ್ಲಿ ಇದೆಲ್ಲ ಪುಸ್ತಕದಲ್ಲಿತ್ತು, ಆದರೆ ಕಡ್ಡಾಯವಾಗಿರಲಿಲ್ಲ! 2010ರ ಕೊನೆಯ ತಿಂಗಳುಗಳಲ್ಲಿ ಇಂಡೋನೇಷ್ಯಾದ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಮುಳುಗಿ 44 ಮಂದಿ ಸತ್ತರು. ಹೊಸ ಸಂಹಿತೆ ಕಡ್ಡಾಯವಾದದ್ದು 2011ರ ಜನವರಿ 1ರಿಂದ. ಕಡ್ಡಾಯವಾದ ಮೇಲಾದರೂ ಸಾವು ನಿಂತಿತೇ? 2017ರ ಅಕ್ಟೋಬರಿನಲ್ಲಿ ನಿಕ್ಕಲ್ ಅದಿರಿನ ‘ಎಮರಾಲ್ಡ್ ಸ್ಟಾರ್’ ಫಿಲಿಪ್ಪೀನ್ಸಿನ ಬಳಿ ಮುಳುಗಿತು. ಅದರಲ್ಲಿದ್ದ 26 ಮಂದಿಯೂ ಭಾರತೀಯರು. 10 ಮಂದಿ ಹಿಂತಿರುಗಲಿಲ್ಲ.

ಕಾನೂನು ಸೋಲುವುದು ಎಲ್ಲಿ? ನೀರಿನಂಶದ ಪತ್ರ ಒದಗಿಸುವ ಹೊಣೆ ಸರಕು ಕಳಿಸುವವನದೇ. ಅದಿರಿನ ರಾಶಿ ಬಯಲಿನಲ್ಲಿ ಮಳೆಗೆ ನೆನೆಯುತ್ತಿದ್ದರೂ ಪತ್ರ ಒಣಗಿಯೇ ಇರಬಹುದು. ಸಂಶಯಪಟ್ಟು ನಿಂತ ಹಡಗಿಗೆ ದಿನಕ್ಕಿಷ್ಟು ಎಂದು ನಷ್ಟ ಏರುತ್ತದೆ. ಕ್ಯಾಪ್ಟನ್ನನಿಗೆ ಬೇಡವೆನ್ನುವ ಹಕ್ಕಿದೆ. ಆದರೆ ಆ ಹಕ್ಕು ಬಳಸಿದ ಮೇಲೆ ನೌಕರಿ ಉಳಿಯುತ್ತದೆಂದು ಹೊಣೆ ನಿಲ್ಲುವವರು ಯಾರು? ಗಿರಣಿಯಲ್ಲಿ ಯಂತ್ರ ಕೆಟ್ಟಿದೆ ಎಂದು ಬಾಯಿಬಿಟ್ಟ ಕಾರ್ಮಿಕನಿಗೆ ಈ ಪ್ರಶ್ನೆಯ ಉತ್ತರ ಗೊತ್ತು.

ಇದು ಮುಗಿದ ಕಥೆಯಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆದಿತ್ತು. 2022ರ ಮೇಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಅನುಮತಿ ಕೊಟ್ಟಿದೆ. ಮಳೆಗಾಲ ವರ್ಷವರ್ಷವೂ ಬರುತ್ತದೆ.

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ರಾಶಿಯಿಂದ ಮಾದರಿ ತೆಗೆಯುವ ಕೈ ಸರಕಿನ ಯಜಮಾನನಿಂದ ಕೂಲಿ ಪಡೆಯುವ ಕೈಯಾಗಬಾರದು, ಅದು ಸರ್ಕಾರದ ಕೈಯಾಗಬೇಕು. ಬಂದರಿನಲ್ಲಿ ಅದಿರಿಗೆ ಮಾಡು ಬೇಕು. ನೀರಿನಂಶದ ಅಂಕಿಯನ್ನು ಹಡಗು ಬಿಡುವ ಮುನ್ನ ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಬೇಡವೆಂದ ನಾವಿಕನ ಅನ್ನಕ್ಕೆ ಕಾನೂನಿನ ರಕ್ಷಣೆ ಬೇಕು.

ಅಂಗಡಿಕಾರನ ತಕ್ಕಡಿಯ ಮೇಲಿಟ್ಟ ಕಣ್ಣನ್ನು ಸರ್ಕಾರ ಸಾಹುಕಾರನ ಹಡಗಿನ ಮೇಲೂ ಇಡಲಿ. ನಾವು ಕೇಳುತ್ತಿರುವುದು ದಯೆಯಲ್ಲ, ಸರಿಯಾದ ತೂಕ.